ಸ್ವಾರಗೇಟದಲ್ಲಿ ಇಳಿದವರು ಎಲ್ಲಿ ಮಲಗುತ್ತಾರೆ?

ಬೆಳಗಿನ ಐದು ಗಂಟೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ರಾತ್ರಿಯೆಲ್ಲ ಓಡಿಬಂದ ಬಸ್ಸುಗಳು ಒಂದೊಂದಾಗಿ ಸ್ವಾರಗೇಟ ನಿಲ್ದಾಣದೊಳಗೆ ಹೊರಳುತ್ತವೆ. "ಏಳ್ರಿ, ಸ್ವಾರಗೇಟ ಬಂತ್ರಿ" ಎಂದು ಕಂಡಕ್ಟರ್ ಕೂಗಿದಾಗ ಇಳಿಯುವ ಕನ್ನಡಿಗರಲ್ಲಿ ಎರಡು ಬಗೆ. ಒಬ್ಬರು ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು, ಮೊಬೈಲಿನಲ್ಲಿ ಟ್ಯಾಕ್ಸಿ ಕರೆದು ಹತ್ತು ನಿಮಿಷದಲ್ಲಿ ಕಣ್ಮರೆಯಾಗುವವರು. ಇನ್ನೊಬ್ಬರು ಗೋಣಿಚೀಲ, ಬಣ್ಣದ ಕೊಡ, ಹಿಟ್ಟಿನ ಡಬ್ಬಿ, ನಿದ್ದೆಗಣ್ಣಿನ ಮಕ್ಕಳನ್ನು ಇಳಿಸಿಕೊಂಡು ಕಟ್ಟೆಯ ಮೇಲೆ ಕೂರುವವರು. ಬುತ್ತಿಯ ರೊಟ್ಟಿ ಬಿಚ್ಚುತ್ತಾರೆ. ಊರಿನ ಯಾರೋ ಒಬ್ಬ ಬಂದು ಕರೆದೊಯ್ಯುವವರೆಗೆ ಕಾಯುತ್ತಾರೆ.

ನಾನು ಈ ಊರಿಗೆ ಬಂದಾಗ ಮೊದಲ ಬಗೆಯವಳಾಗಿದ್ದೆ. ನೌಕರಿ ಇತ್ತು, ಸಂಬಂಧಿಕರ ಮನೆಯ ವಿಳಾಸ ಬರೆದ ಚೀಟಿ ಇತ್ತು. ಎರಡನೆಯ ಬಗೆಯವರು ಆ ಕಟ್ಟೆಯಿಂದ ಎದ್ದು ಎಲ್ಲಿಗೆ ಹೋಗುತ್ತಾರೆ, ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಬಹಳ ವರ್ಷ ನಾನು ಕೇಳಿಕೊಂಡಿರಲಿಲ್ಲ. ಕೇಳುವಂತೆ ಮಾಡಿದ್ದು ನಮ್ಮ ಮನೆಗೆ ಭಾಂಡೆ ತಿಕ್ಕಲು ಬರುವ ಹೆಣ್ಣುಮಗಳು.

ಆಕೆ ಸುರಪುರ ತಾಲ್ಲೂಕಿನವಳು. ಗಂಡ ಗೌಂಡಿ. 2012ರಲ್ಲಿ ಬಂದವರು ಪರ್ವತಿ ಗುಡ್ಡದ ಬದಿಯ ಒಂದು ವಸತಿಯಲ್ಲಿ ಪತ್ರಾ ಹೊದಿಸಿದ ಹತ್ತಡಿ-ಹತ್ತಡಿ ಖೋಲಿ ಹಿಡಿದರು. ಅಂದಿನಿಂದ ಅದೇ ಖೋಲಿ. ಇಬ್ಬರು ಮಕ್ಕಳು ಅಲ್ಲೇ ಹುಟ್ಟಿದರು. ಒಂದು ದಿನ ಸರ್ವೆಯವರು ಬಂದು ಬಾಗಿಲ ಮೇಲೆ ಬಣ್ಣದಲ್ಲಿ ನಂಬರ್ ಬರೆದು ಹೋದರು. ಗುಡಿಸಲು ತೆಗೆದು ಕಟ್ಟಡ ಕಟ್ಟುತ್ತಾರಂತೆ, ಎಲ್ಲರಿಗೂ ಫ್ಲಾಟ್ ಅಂತೆ ಎಂದು ಓಣಿಯಲ್ಲಿ ಪೇಢೆ ಹಂಚಿದರು. ಆಕೆಯೂ ಒಂದು ಪೇಢೆ ತಂದು ನನ್ನ ಕೈಗಿಟ್ಟಳು.

ಎರಡು ತಿಂಗಳಿಗೆ ಪಟ್ಟಿ ಹಚ್ಚಿದರು. ಆ ನಂಬರಿನ ಮುಂದೆ ಇದ್ದದ್ದು ಖೋಲಿಯ ಮಾಲೀಕನ ಹೆಸರು. ಆತ ಅಲ್ಲಿ ವಾಸ ಬಿಟ್ಟು ವರ್ಷಗಳೇ ಆಗಿದ್ದವು. ತಿಂಗಳಿಗೊಮ್ಮೆ ಬಾಡಿಗೆಗೆ ಬರುತ್ತಿದ್ದ, ಅಷ್ಟೆ.

"ಅಕ್ಕಾರ, ಹದಿಮೂರ ವರ್ಸ ಇದ್ದಾಕಿ ನಾನು. ನಳದ ಮುಂದ ಪಾಳಿ ಹಚ್ಚಿದಾಕಿ ನಾನು. ಹೆಸರ ಮಾತ್ರ ಅವಂದು ಬಂತಲ್ರಿ" ಅಂದಳು. ಅಳಲಿಲ್ಲ. ಭಾಂಡೆ ತಿಕ್ಕುತ್ತಲೇ ಅಂದಳು.

ಅವತ್ತಿನಿಂದ ನಾನು ಈ ವಿಷಯದ ಬೆನ್ನು ಹತ್ತಿದೆ. ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಡವರ ಮನೆ ಎಂದರೆ ನಾವು ಇಟ್ಟಿಗೆ, ಸಿಮೆಂಟು, ಚದರಡಿಯ ಲೆಕ್ಕ ಹಾಕುತ್ತೇವೆ. ಆದರೆ ಆ ಮನೆಯ ಬಾಗಿಲು ತೆರೆಯುವುದು ಕಾಗದ. "ನಾನು ಇಲ್ಲಿ ಇದ್ದೇನೆ" ಎಂದು ಹೇಳುವ ಒಂದು ತುಂಡು ಕಾಗದ ಇಲ್ಲದವನಿಗೆ ಯಾವ ಯೋಜನೆಯೂ ಮನೆ ಕೊಡುವುದಿಲ್ಲ.

ಪಟ್ಟಿಯಲ್ಲಿ ಬಂದವರು, ಪಟ್ಟಿಯಿಲ್ಲದೆ ಬಂದವರು

ಸ್ವಾರಗೇಟಕ್ಕೂ ಸ್ವರ್ಗಕ್ಕೂ ಸಂಬಂಧವಿಲ್ಲ. ಸ್ವಾರ ಎಂದರೆ ಕುದುರೆ ಸವಾರ. ಹಳೆಯ ಪುಣೆಯ ಅಂಚಿನಲ್ಲಿ ಸವಾರರು ಕಾವಲಿದ್ದ ನಾಕೆ ಇದು ಎನ್ನುತ್ತಾರೆ. ಊರು ಬೆಳೆದು ನಾಕೆ ನಡುಮಧ್ಯಕ್ಕೆ ಬಂತು. ಇಂದು ಮೇಲೆ ಬಸ್ ನಿಲ್ದಾಣ, ನೆಲದಡಿಯಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ತೆರೆದ ಮೆಟ್ರೋ. ಸುತ್ತ ಪರ್ವತಿ, ದತ್ತವಾಡಿ, ಗುಲ್ಟೇಕಡಿ, ಮಾರ್ಕೆಟ್ ಯಾರ್ಡ್, ಸಹಕಾರನಗರ.

ಈ ಸಹಕಾರನಗರದ ಹೆಸರಿನಲ್ಲೇ ಒಂದು ಕತೆಯಿದೆ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆಯಿತು, ಅದರ ನೀರಿಗೆ ಖಡಕವಾಸಲಾ ಕಟ್ಟೆಯೂ ನಿಲ್ಲಲಿಲ್ಲ. ಮುಠಾ ನದಿ ಹಳೆಯ ಪುಣೆಯ ಪೇಠೆಗಳೊಳಗೆ ನುಗ್ಗಿ ಸಾವಿರಾರು ಮನೆ ಕೊಚ್ಚಿಕೊಂಡು ಹೋಯಿತು. ಮನೆ ಕಳೆದುಕೊಂಡವರಿಗೆ ಸರ್ಕಾರ ಅರ್ಧಚಂದ್ರಾಕಾರದ ತಗಡಿನ ನಿಸೆನ್ ಹಟ್ಟಿಗಳನ್ನು ಹಾಕಿಕೊಟ್ಟಿತು. ಆಮೇಲೆ ಊರ ಹೊರಗೆ ಜಾಗ ಕೊಟ್ಟು, ಸಹಕಾರಿ ಗೃಹನಿರ್ಮಾಣ ಸಂಘಗಳನ್ನು ಕಟ್ಟಿಸಿ, ಹೊಸ ಬಡಾವಣೆಗಳನ್ನು ಎಬ್ಬಿಸಿತು. ಇಂದು ಅಲ್ಲಿ ಫ್ಲಾಟ್ ಕೊಳ್ಳುವುದು ನಮ್ಮಂಥ ಸಂಬಳದವರಿಗೂ ಕಷ್ಟ. ಆದರೆ ಮೊದಲು ಅದು ನೆರೆಸಂತ್ರಸ್ತರ ಊರು.

ಹನ್ನೊಂದು ವರ್ಷದ ಮೇಲೆ, 1972ರಲ್ಲಿ, ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕಕ್ಕೂ ಬರ ಬಿತ್ತು. ಮರಾಠವಾಡೆಯಿಂದ, ಸೋಲಾಪುರದಿಂದ, ಗುಲ್ಬರ್ಗಾ-ಬಿಜಾಪುರದ ಕಡೆಯಿಂದ ಜನ ಕೂಲಿ ಹುಡುಕಿಕೊಂಡು ಪುಣೆ-ಮುಂಬಯಿಗೆ ನಡೆದರು. ಅವರಿಗೂ ಮನೆ ಹೋಗಿತ್ತು, ನೀರಿನಿಂದಲ್ಲ, ನೀರಿಲ್ಲದ್ದರಿಂದ. ಆದರೆ ಅವರ ಪಟ್ಟಿ ಯಾರೂ ಮಾಡಲಿಲ್ಲ. ನೆರೆಗೆ ಒಂದು ತಾರೀಖು ಇತ್ತು, ಒಂದು ಪಟ್ಟಿ ಇತ್ತು, ಸರ್ಕಾರ ಓಡಿಬಂತು. ಬರಕ್ಕೆ ತಾರೀಖು ಇರುವುದಿಲ್ಲ. ಪಟ್ಟಿಯಿಲ್ಲದೆ ಬಂದವರು ಗುಡ್ಡದ ಇಳಿಜಾರು, ಕಾಲುವೆಯ ಏರಿ, ಹಳ್ಳದ ದಂಡೆ ಹಿಡಿದು ಕುಳಿತರು. ಪರ್ವತಿಯ ಬುಡದ ಜನತಾ ವಸಾಹತ್, ದಾಂಡೇಕರ ಪೂಲಿನ ಓಣಿಗಳು, ಆಂಬಿಲ ಓಢೆಯ ದಂಡೆಯ ಸಾಲುಗಳೆಲ್ಲ ಬೆಳೆದದ್ದು ಹೀಗೆ ಬಂದು ನಿಂತವರಿಂದ.

ಕಾಲುವೆ ಮತ್ತು ಹಳ್ಳದ ದಂಡೆ ಅಗ್ಗ, ಯಾಕೆಂದರೆ ಅಲ್ಲಿ ಅಪಾಯವಿದೆ. 2018ರ ಸೆಪ್ಟೆಂಬರ್ 27ರಂದು ಮುಠಾ ಬಲದಂಡೆ ಕಾಲುವೆಯ ಗೋಡೆ ಜನತಾ ವಸಾಹತ್ ಹತ್ತಿರ ಒಡೆದು ದಾಂಡೇಕರ ಪೂಲಿನ ಗುಡಿಸಲುಗಳೊಳಗೆ ನೀರು ನುಗ್ಗಿತು. ನಡು ಹಗಲು, ಮಳೆಯ ಹನಿಯಿಲ್ಲ, ಗಂಡಸರು-ಹೆಂಗಸರು ಕೆಲಸಕ್ಕೆ ಹೋಗಿದ್ದ ಹೊತ್ತು. ಮರುವರ್ಷ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ ಓಢೆ ಉಕ್ಕಿ ಜನರನ್ನೇ ಕೊಚ್ಚಿಕೊಂಡು ಹೋಯಿತು. 2021ರ ಜೂನ್ 24ರಂದು ಅದೇ ಹಳ್ಳದ ದಂಡೆಯ ಗುಡಿಸಲುಗಳ ಮೇಲೆ ಜೆಸಿಬಿ ಬಂತು. ಜನ ಅಡ್ಡ ಮಲಗಿದರು, ಕೋರ್ಟಿನಿಂದ ತಡೆ ಬಂದ ಮೇಲೆ ಕೆಲಸ ನಿಂತಿತು. ನೀರು ನುಗ್ಗಿದಾಗ ಕಳೆದುಹೋಗುವ ಮೊದಲ ವಸ್ತು ಏನು ಗೊತ್ತೆ? ಕಾಗದ. ರೇಷನ್ ಕಾರ್ಡು, ಶಾಲೆಯ ದಾಖಲೆ, ಲೈಟ್ ಬಿಲ್ಲು. ಮನೆ ಸಿಗಲು ಯಾವುದು ಬೇಕೋ ಅದೇ ಮೊದಲು ತೇಲಿಹೋಗುತ್ತದೆ.

ಗುಡಿಸಲಿನ ಜಾಗದಲ್ಲಿ ಫ್ಲಾಟ್: ಲೆಕ್ಕ ಹೇಗೆ?

ಮಹಾರಾಷ್ಟ್ರದಲ್ಲಿ ಕೊಳೆಗೇರಿಗಳ ಕಾಯ್ದೆ 1971ರದ್ದು. ಅದರ ಕೆಳಗೆ ಝೋಪಡಪಟ್ಟಿ ಪುನರ್ವಸನ ಪ್ರಾಧಿಕಾರ, ಜನರ ಬಾಯಲ್ಲಿ ಎಸ್‌ಆರ್‌ಎ, ಮೊದಲು ಮುಂಬಯಿಯಲ್ಲಿ ಬಂತು. ಪುಣೆ ಮತ್ತು ಪಿಂಪರಿ-ಚಿಂಚವಾಡಕ್ಕೆ 2005ರಲ್ಲಿ ಪ್ರತ್ಯೇಕ ಪ್ರಾಧಿಕಾರವಾಯಿತು.

ಲೆಕ್ಕ ಸರಳ. ಬಿಲ್ಡರ್ ಗುಡಿಸಲುಗಳನ್ನು ತೆಗೆದು ಅದೇ ಜಾಗದ ಒಂದು ಭಾಗದಲ್ಲಿ ಬಹುಮಹಡಿ ಕಟ್ಟಿ, ಅರ್ಹ ಕುಟುಂಬಕ್ಕೆ ಒಂದೊಂದು ಚಿಕ್ಕ ಫ್ಲಾಟ್ ಕೊಡಬೇಕು. ಬದಲಿಗೆ ಸರ್ಕಾರ ಅವನಿಗೆ ಹೆಚ್ಚಿನ ಕಟ್ಟಡ ಹಕ್ಕು ಕೊಡುತ್ತದೆ. ಆ ಹೆಚ್ಚಿನದನ್ನು ಮಾರುಕಟ್ಟೆ ದರಕ್ಕೆ ಮಾರಿ ಅವನು ಖರ್ಚು ತೆಗೆದು ಲಾಭ ಮಾಡಿಕೊಳ್ಳುತ್ತಾನೆ. ಸರ್ಕಾರದ ಬೊಕ್ಕಸಕ್ಕೆ ಭಾರವಿಲ್ಲ, ಬಡವನಿಗೆ ಸೂರು, ಬಿಲ್ಡರನಿಗೆ ದುಡ್ಡು. ಕೇಳಲು ಎಲ್ಲರಿಗೂ ಒಳ್ಳೆಯದು. ಫ್ಲಾಟ್ ಸಿಕ್ಕವರಿಗೆ ಒಳ್ಳೆಯದೂ ಆಗಿದೆ. ಮನೆಯೊಳಗೆ ಸಂಡಾಸ, ಬಾಗಿಲಿಗೆ ಚಿಲಕ, ಸೋರದ ತಾರಸಿ ಸಣ್ಣ ಮಾತಲ್ಲ. ರಾತ್ರಿ ಹೊತ್ತು ಸಾರ್ವಜನಿಕ ಶೌಚಾಲಯಕ್ಕೆ ಮಗಳನ್ನು ಕರೆದುಕೊಂಡು ಹೋದ ತಾಯಿಯನ್ನು ಕೇಳಿದರೆ ಗೊತ್ತಾಗುತ್ತದೆ.

ತೊಡಕು ಇರುವುದು "ಅರ್ಹ" ಎನ್ನುವ ಪದದಲ್ಲಿ. 2000ರ ಜನವರಿ 1ಕ್ಕೆ ಮೊದಲು ಅಲ್ಲಿ ವಾಸವಿದ್ದುದಕ್ಕೆ ದಾಖಲೆ ತೋರಿಸಬಲ್ಲವರಿಗೆ ಮನೆ ಉಚಿತ. ಅಲ್ಲಿಂದ 2011ರ ಜನವರಿ 1ರವರೆಗೆ ಬಂದವರಿಗೆ ಹಣ ಕಟ್ಟಿಸಿಕೊಂಡು ಕೊಡಬಹುದು. ಆಮೇಲೆ ಬಂದವರು ಲೆಕ್ಕದಲ್ಲಿಲ್ಲ. ಪತ್ರಾ ಮೇಲೆ ಪತ್ರಾ ಏರಿಸಿ ಕಟ್ಟಿದ ಮೇಲಿನ ಖೋಲಿಯವರೂ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆಗೆ ಇರುವವನ ಹೆಸರು ಪಟ್ಟಿ ಸೇರುವುದು ಅಪರೂಪ.

ನಮ್ಮ ಹೆಣ್ಣುಮಗಳ ಪರಿಸ್ಥಿತಿ ನೋಡಿ. ಆಕೆ 2012ರಲ್ಲಿ ಬಂದವಳು, ಒಂದು ವರ್ಷ ತಡ. ಬಾಡಿಗೆಯವಳು, ಇನ್ನೊಂದು ತಪ್ಪು. ಕಟ್ಟಡ ಏಳುವಾಗ ಅರ್ಹರಿಗೆ ತಾತ್ಕಾಲಿಕ ಮನೆಯೋ ಬಾಡಿಗೆ ಹಣವೋ ಸಿಗುತ್ತದೆ. ಈಕೆಗೆ ಸಿಗುವುದು ಖೋಲಿ ಖಾಲಿ ಮಾಡಲು ಹದಿನೈದು ದಿನ. ಎದ್ದು ಹೋಗಬೇಕಾದದ್ದು ಇನ್ನೂ ಹೊರಗೆ, ಕಾತ್ರಜ ದಾಟಿ. ಹೋದರೆ ಬೆಳಗ್ಗೆ ಆರಕ್ಕೆ ಹಿಡಿಯುವ ನಾಲ್ಕು ಮನೆಯ ಕೆಲಸ ತಪ್ಪುತ್ತದೆ. ಮನೆ ಎಂದರೆ ಸೂರು ಮಾತ್ರ ಅಲ್ಲ, ದುಡಿಮೆಗೆ ನಡೆದು ಹೋಗುವ ದೂರವೂ ಹೌದು. ಸುಪ್ರೀಂ ಕೋರ್ಟ್ ಇದನ್ನು 1985ರಲ್ಲೇ ಹೇಳಿದೆ. ಮುಂಬಯಿಯ ಪಾದಚಾರಿ ಮಾರ್ಗದಲ್ಲಿ ವಾಸಿಸುತ್ತಿದ್ದವರ ಪರವಾದ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ, ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ತೆರವು ಮಾಡಬಾರದು ಎಂದು ಮಾತ್ರ ಅದು ಹೇಳಲಿಲ್ಲ.

ಇಲ್ಲದಿರುವುದು ಬಾಡಿಗೆಯ ಮನೆ

ಊರಿಂದ ಬಂದ ದಿನವೇ ಯಾರಿಗೂ ಸ್ವಂತ ಫ್ಲಾಟ್ ಬೇಕಿರುವುದಿಲ್ಲ. ಬೇಕಿರುವುದು ತಿಂಗಳ ಕೂಲಿಯಲ್ಲಿ ಕಟ್ಟಬಹುದಾದ, ಬಾಗಿಲು ಮುಚ್ಚಬಹುದಾದ ಒಂದು ಖೋಲಿ. ನಮ್ಮ ನಗರಗಳು ಮರೆತಿರುವುದು ಇದನ್ನೇ. ಎಲ್ಲ ಯೋಜನೆಗಳೂ ಮಾಲೀಕನನ್ನು ಹುಡುಕುತ್ತವೆ. ಬಾಡಿಗೆದಾರನಿಗಾಗಿ ಕಟ್ಟುವವರು ಕಡಿಮೆ.

ಹಾಗಾಗಿ ಹೊಸದಾಗಿ ಬಂದ ಗೌಂಡಿ, ಬಿಗಾರಿಗಳು ಮೇಸ್ತ್ರಿ ತೋರಿಸಿದ ಕಡೆ, ಕಟ್ಟಡದ ಕೆಲಸ ನಡೆಯುವಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. 2019ರ ಜೂನ್ 29ರ ನಸುಕಿನಲ್ಲಿ ಸ್ವಾರಗೇಟದಿಂದ ಕೆಲವೇ ಕಿಲೋಮೀಟರ್ ದೂರದ ಕೊಂಢವಾದಲ್ಲಿ ವಸತಿ ಸಮುಚ್ಚಯವೊಂದರ ಕಾಂಪೌಂಡ್ ಗೋಡೆ ಮಳೆಗೆ ಕುಸಿದು ಇಂಥ ಶೆಡ್ಡುಗಳ ಮೇಲೆ ಬಿತ್ತು. ಮಕ್ಕಳೂ ಸೇರಿ 15 ಮಂದಿ ಸತ್ತರು. ಹೆಚ್ಚಿನವರು ಬಿಹಾರದವರು. ಅಂದು ಆ ಗೋಡೆಯ ಬುಡದಲ್ಲಿ ನಮ್ಮ ಯಾದಗಿರಿಯವರು ಮಲಗಿದ್ದರೂ ಆಶ್ಚರ್ಯವಿರಲಿಲ್ಲ.

2020ರ ಲಾಕ್‌ಡೌನಿನಲ್ಲಿ ವಲಸೆ ಕೂಲಿಗಳು ನಡೆದುಕೊಂಡೇ ಊರಿಗೆ ಹೊರಟಾಗ ದೇಶದ ಕಣ್ಣು ತೆರೆಯಿತು. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ತಂದಿತು. ಹಿಂದೆ ಕಟ್ಟಿ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಕೂಲಿಗಳಿಗೆ ಬಾಡಿಗೆಗೆ ಕೊಡುವುದು, ಹೊಸದಾಗಿ ಕಟ್ಟುವುದು ಎರಡೂ ಅದರಲ್ಲಿದ್ದವು. ವಿಚಾರ ಸರಿಯಾಗಿತ್ತು, ಕೆಲಸ ಕೆಲವೇ ನಗರಗಳಲ್ಲಿ ಆಯಿತು. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೆಯ ಹಂತದಲ್ಲಿ ಬಾಡಿಗೆ ಮನೆಯನ್ನು ಒಂದು ಪ್ರತ್ಯೇಕ ಭಾಗವಾಗಿಯೇ ಸೇರಿಸಿದ್ದಾರೆ.

ಮಾಡಿದರೆ ಆಗುತ್ತದೆ ಎಂಬುದಕ್ಕೆ ಕೇರಳದಲ್ಲೊಂದು ಉದಾಹರಣೆಯಿದೆ. ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ಅಲ್ಲಿನ ಸರ್ಕಾರ 2019ರಲ್ಲಿ "ಅಪ್ನಾ ಘರ್" ಎಂಬ ವಸತಿಗೃಹ ತೆರೆಯಿತು. ಹೊರರಾಜ್ಯದ 620 ಕಾರ್ಮಿಕರಿಗೆ ಮಂಚ, ಅಡುಗೆ ಮಾಡಿಕೊಳ್ಳುವ ಜಾಗ, ಶೌಚಾಲಯ, ಎಲ್ಲವೂ ಕೂಲಿಯವನು ಕಟ್ಟಬಹುದಾದ ಬಾಡಿಗೆಗೆ. ಅದು ಒಂಟಿ ಗಂಡಸರಿಗೆ ಸರಿ. ಸ್ವಾರಗೇಟದಲ್ಲಿ ಇಳಿಯುವ ನಮ್ಮವರು ಹೆಂಡತಿ-ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಅವರಿಗೆ ಬೇಕಾದದ್ದು ಮಂಚವಲ್ಲ, ಖೋಲಿ.

ವಿಳಾಸ ಕೇಳದೆ ಕೈಹಿಡಿದವರು

ಸ್ವಾರಗೇಟದಿಂದ ಎರಡು ಕಿಲೋಮೀಟರ್ ಒಳಗೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್ ಇದೆ. ನಮ್ಮ ಕಡೆಯ ಜೋಳ, ತೊಗರಿ, ಬೆಲ್ಲ ಬಂದು ಬೀಳುವ ಜಾಗ. ಅಲ್ಲಿ ಬೆನ್ನ ಮೇಲೆ ಚೀಲ ಹೊರುವ ಹಮಾಲರ ಕತೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು.

1950ರ ದಶಕದಲ್ಲಿ ಬಾಬಾ ಆಢಾವ ಎಂಬ ಯುವ ವೈದ್ಯರು ಹಮಾಲರನ್ನು ಸೇರಿಸಿ ಹಮಾಲ ಪಂಚಾಯತ್ ಕಟ್ಟಿದರು. ಆಗ ಹಮಾಲನಿಗೆ ದಿನದ ಕೂಲಿಯ ಭರವಸೆ ಇರಲಿಲ್ಲ, ಬಿದ್ದರೆ ಆಸ್ಪತ್ರೆ ಇಲ್ಲ, ವಯಸ್ಸಾದರೆ ಪಿಂಚಣಿ ಇಲ್ಲ. ಇಂಥವರ ಹೋರಾಟದಿಂದ ಮಹಾರಾಷ್ಟ್ರದಲ್ಲಿ 1969ರ ಮಾಥಾಡಿ ಕಾಯ್ದೆ ಬಂತು. ವ್ಯಾಪಾರಿ ಕೂಲಿಯನ್ನೂ ಅದರ ಮೇಲೆ ಲೇವಿಯನ್ನೂ ಮಂಡಳಿಗೆ ಕಟ್ಟುತ್ತಾನೆ, ಮಂಡಳಿ ಹಮಾಲನಿಗೆ ಕೂಲಿ, ಭವಿಷ್ಯನಿಧಿ, ಬೋನಸ್ ಕೊಡುತ್ತದೆ. ಹತ್ತು ಜನ ವ್ಯಾಪಾರಿಗಳ ಚೀಲ ಹೊರುವವನಿಗೂ ಒಂದು ನೌಕರಿಯ ದಾಖಲೆ ಹುಟ್ಟಿತು. ದಾಖಲೆ ಹುಟ್ಟಿದ ಮೇಲೆ ಸಾಲ ಹುಟ್ಟಿತು, ಸಾಲದಿಂದ ಮನೆ ಹುಟ್ಟಿತು. ಮಾರ್ಕೆಟ್ ಯಾರ್ಡಿನ ಬಳಿಯ ಹಮಾಲ ನಗರ ಹೀಗೆ ಎದ್ದದ್ದು. ಚೀಲ ಹೊತ್ತವರ ಮನೆಗಳು, ಚೀಲ ಹೊರುವ ಜಾಗದ ಪಕ್ಕದಲ್ಲೇ.

1974ರಲ್ಲಿ ಪಂಚಾಯತ್ "ಕಷ್ಟಾಚೀ ಭಾಕರ" ಎಂಬ ಊಟದ ಕೇಂದ್ರ ತೆರೆಯಿತು. ಕಷ್ಟದ ರೊಟ್ಟಿ ಎಂದರ್ಥ. ದಾನವಲ್ಲ, ಲಾಭವೂ ಇಲ್ಲ, ನಷ್ಟವೂ ಇಲ್ಲ. ಝುಣಕ, ಭಾಕರಿ, ಪಲ್ಯ, ಅನ್ನ ಕಡಿಮೆ ಬೆಲೆಗೆ. ಅಲ್ಲಿ ಯಾರೂ ಆಧಾರ್ ಕೇಳುವುದಿಲ್ಲ. ನಮ್ಮ ಕಡೆಯವರಿಗೆ ಆ ಭಾಕರಿ ಹೊಸದಲ್ಲ, ಜೋಳದ ರೊಟ್ಟಿಯೇ.

ಇದೇ ಪರಂಪರೆಯಲ್ಲಿ 1993ರಲ್ಲಿ ಕಸ ಆಯುವ ಹೆಣ್ಣುಮಕ್ಕಳ ಸಂಘ ಹುಟ್ಟಿತು. ಅದರ ಹೆಸರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್. ಅವರು ಮೊದಲು ಕೇಳಿದ್ದು ಹಣವನ್ನಲ್ಲ, ಗುರುತಿನ ಚೀಟಿಯನ್ನು. ಕಸದ ಕುಂಡಿಯ ಬಳಿ ಕಂಡರೆ ಕಳ್ಳಿಯರೆಂದು ಹಿಡಿಯುತ್ತಿದ್ದ ಕಾಲದಲ್ಲಿ ಪುಣೆ ಪಾಲಿಕೆ ಆ ಚೀಟಿಗೆ ಮಾನ್ಯತೆ ಕೊಟ್ಟಿತು. ಆಮೇಲೆ ಅದರ ಮೇಲೆಯೇ ವಿಮೆ ಬಂತು, ಮಕ್ಕಳ ವಿದ್ಯಾರ್ಥಿವೇತನ ಬಂತು. 2008ರಲ್ಲಿ ಅವರದ್ದೇ ಸಹಕಾರಿ ಸಂಸ್ಥೆ ಸ್ವಚ್ಛ್ ಮನೆಮನೆಯ ಕಸ ಎತ್ತುವ ಕೆಲಸ ವಹಿಸಿಕೊಂಡಿತು. ಇಂದು ನಮ್ಮ ಬಾಗಿಲಿಗೆ ಬರುವ ಹಸಿರು ಕೋಟಿನ ಅಕ್ಕಂದಿರು ಅವರೇ.

ಕಟ್ಟಡದ ಜಾಗದಲ್ಲಿರುವ ಮಕ್ಕಳಿಗೆ ಡೋರ್ ಸ್ಟೆಪ್ ಸ್ಕೂಲ್ ಎಂಬ ಸಂಸ್ಥೆ ಅಲ್ಲಿಗೇ ಹೋಗಿ ಅಕ್ಷರ ಕಲಿಸಿ ಪಾಲಿಕೆಯ ಶಾಲೆಗೆ ಸೇರಿಸುತ್ತದೆ. ತಾರಾ ಮೊಬೈಲ್ ಕ್ರೆಶಸ್ ತಾಯಂದಿರು ಇಟ್ಟಿಗೆ ಹೊರುವಾಗ ಕೂಸುಗಳನ್ನು ನೋಡಿಕೊಳ್ಳುತ್ತದೆ. ಮನೆ ಕೊಡದ ಊರಿನಲ್ಲಿ ಇವರು ಕೊಡುವ ನೆರವೇ ಮನೆಯ ಅರ್ಧ ಕೆಲಸ ಮಾಡುತ್ತದೆ. ಕೂಸು ಸುರಕ್ಷಿತವಾಗಿದ್ದರೆ ತಾಯಿ ದುಡಿಯುತ್ತಾಳೆ. ಮಗ ಶಾಲೆಗೆ ಸೇರಿದರೆ ಕುಟುಂಬಕ್ಕೆ ಮೊದಲ ಸ್ಥಳೀಯ ದಾಖಲೆ ಸಿಗುತ್ತದೆ.

ಸೋಲಾಪುರದ ಪಾಠ

ಸಂಘ ದೊಡ್ಡದಾದರೆ ಏನಾಗುತ್ತದೆ ಎಂದು ನೋಡಲು ಸ್ವಾರಗೇಟದಿಂದ ಪೂರ್ವಕ್ಕೆ ಹೋಗುವ ಬಸ್ ಹತ್ತಿ ಸೋಲಾಪುರಕ್ಕೆ ಹೋಗಬೇಕು. ಅಲ್ಲಿನ ಬೀಡಿ ಸುತ್ತುವ ಹೆಣ್ಣುಮಕ್ಕಳು ತೆಲುಗರು, ಕನ್ನಡಿಗರು, ಮರಾಠಿಗರು, ಮುಸ್ಲಿಮರು. ಕಾರ್ಮಿಕ ನಾಯಕ, ಮಾಜಿ ಶಾಸಕ ನರಸಯ್ಯ ಆಡಮ್ ಅವರ ಮುಂದಾಳತ್ವದಲ್ಲಿ ಇವರು ಸಹಕಾರಿ ಸಂಘ ಮಾಡಿಕೊಂಡು, ತಮ್ಮ ಪಾಲಿನ ಹಣ ಕಟ್ಟಿ, ಕೇಂದ್ರ-ರಾಜ್ಯಗಳಿಂದ ಸಹಾಯಧನ ಪಡೆದು, ಕುಂಭಾರಿ ಗ್ರಾಮದ ಬಳಿ 10,000 ಮನೆಗಳ ಕಾಮ್ರೇಡ್ ಗೋದೂತಾಯಿ ಪರುಳೇಕರ ವಸತಿ ಎಬ್ಬಿಸಿದರು. 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ ಬಂದು ಕೀಲಿಕೈ ಕೊಟ್ಟರು.

ಅಲ್ಲಿಗೆ ನಿಲ್ಲಲಿಲ್ಲ. ಬೀಡಿಯವರ ಜೊತೆ ಮಗ್ಗದವರು, ಚಿಂದಿ ಆಯುವವರು, ವಾಹನ ಚಾಲಕರು ಸೇರಿ ರೇನಗರ ಎಂಬ 30,000 ಮನೆಗಳ ಯೋಜನೆ ಹಾಕಿಕೊಂಡರು. 2019ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅಡಿಗಲ್ಲು ಹಾಕಿ, 2024ರ ಜನವರಿ 19ರಂದು ಅವರೇ ಬಂದು 15,000 ಮನೆಗಳನ್ನು ಒಪ್ಪಿಸಿದರು. ಎಡಪಕ್ಷದ ನಾಯಕನ ಸಂಘ, ಕಾಂಗ್ರೆಸ್ ಮತ್ತು ಬಿಜೆಪಿ ಪ್ರಧಾನಿಗಳ ಕೈಯಿಂದ ಕೀಲಿ. ಪಟ್ಟಿ ಗಟ್ಟಿಯಿದ್ದರೆ ಯಾವ ಸರ್ಕಾರವೂ ಬರಬೇಕಾಗುತ್ತದೆ.

ಈ ಪಟ್ಟಿ ಅಧಿಕಾರಿ ಬಾಗಿಲಿಗೆ ಬರೆದ ನಂಬರಿನಿಂದ ಆದದ್ದಲ್ಲ. ಹೆಣ್ಣುಮಕ್ಕಳೇ ವರ್ಷಗಟ್ಟಲೆ ಸಭೆಗೆ ಬಂದು, ಹೆಸರು ಹಚ್ಚಿ, ಕಂತು ಕಟ್ಟಿ ಮಾಡಿದ ಪಟ್ಟಿ. ಸೋಲಾಪುರದಲ್ಲೂ ಕೊರತೆಗಳಿವೆ. ಊರಿಂದ ದೂರ, ನೀರಿನ ಚಿಂತೆ, ಬಸ್ಸಿನ ಚಿಂತೆ. ಆದರೂ ಹೊಲದ ನಡುವೆ ಮನೆಗಳ ಸಾಲು ನೋಡಿದಾಗ ಬಡವರಿಂದ ಆಗದು ಎನ್ನುವ ಮಾತು ನಾಲಿಗೆಯಲ್ಲೇ ಒಣಗುತ್ತದೆ.

ನಾವು ಮಾಡಿಕೊಡಬಹುದಾದ ಕಾಗದಗಳು

ಸೋಲಾಪುರ ಒಂದು ದಿನದಲ್ಲಿ ಆಗುವುದಿಲ್ಲ. ಆದರೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರುವ, ಮೊಬೈಲಿನಲ್ಲಿ ಅರ್ಜಿ ತುಂಬಬಲ್ಲ ನಮ್ಮಂಥವರು ಭಾನುವಾರ ಎರಡು ತಾಸು ಕೊಟ್ಟರೆ ಆಗುವ ಕೆಲಸಗಳಿವೆ. ಮುಂಬಯಿ, ಪುಣೆ, ಹೈದರಾಬಾದಿನ ಓದುಗರಿಗೂ ಹೆಚ್ಚಿನವು ಉಪಯೋಗಕ್ಕೆ ಬರುತ್ತವೆ.

ರೇಷನ್: "ಒಂದು ದೇಶ ಒಂದು ಪಡಿತರ ಚೀಟಿ"ಯಲ್ಲಿ ಕರ್ನಾಟಕದ ಬಿಪಿಎಲ್ ಕಾರ್ಡಿಗೆ ಪುಣೆಯ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಹೊಸ ಕಾರ್ಡು ಬೇಡ, ಆಧಾರ್ ಜೋಡಣೆ ಆಗಿರಬೇಕು. ಊರಿನಲ್ಲಿ ಉಳಿದವರು ತಮ್ಮ ಪಾಲನ್ನು ಅಲ್ಲೇ ಪಡೆಯಬಹುದು. ಇಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ, ಅನ್ನಭಾಗ್ಯದ ರಾಜ್ಯದ ಪಾಲು ಸಿಗುವುದಿಲ್ಲ. ಅಂಗಡಿಯವನು ಇಲ್ಲವೆಂದರೆ ಸಹಾಯವಾಣಿ 14445.

ಗ್ಯಾಸ್: 2021ರಲ್ಲಿ ಬಂದ ಉಜ್ವಲಾ ಎರಡನೆಯ ಹಂತದಲ್ಲಿ ವಲಸೆ ಕುಟುಂಬಗಳು ವಿಳಾಸದ ಪುರಾವೆಯ ಬದಲು ಸ್ವಯಂ ಘೋಷಣೆ ಕೊಡಬಹುದು. ಬಹಳ ಮನೆಗಳಲ್ಲಿ ಈ ಊರಿನ ವಿಳಾಸ ಇರುವ ಮೊದಲ ಕಾಗದ ಗ್ಯಾಸ್ ಪುಸ್ತಕವೇ ಆಗಬಲ್ಲದು.

ಕಟ್ಟಡ ಕಾರ್ಮಿಕರ ನೋಂದಣಿ: ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರು ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಬಹುದು. ಮಕ್ಕಳ ವಿದ್ಯಾರ್ಥಿವೇತನ, ಹೆರಿಗೆ, ಅಪಘಾತದ ನೆರವು ಇದರಲ್ಲಿದೆ. 90 ದಿನದ ಪ್ರಮಾಣಪತ್ರಕ್ಕೆ ಗುತ್ತಿಗೆದಾರ ಸಹಿ ಹಾಕಲು ಸತಾಯಿಸುತ್ತಾನೆ. ಜೊತೆಗೆ ಒಬ್ಬ ಅಕ್ಷರಸ್ಥ ಹೋದರೆ ಸತಾಯಿಸುವುದು ಕಡಿಮೆ. ಕಟ್ಟಡದ ಕೆಲಸದವರಲ್ಲದವರಿಗೆ ಇ-ಶ್ರಮ್ ಇದೆ, ನೋಂದಣಿ ಉಚಿತ, ಸಹಾಯವಾಣಿ 14434.

ಬಾಡಿಗೆ ಕರಾರು: ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲೀಕನದ್ದು. ಚಾಳು, ಹಳೆ ವಾಡೆಗಳಲ್ಲಿ ಇರುವವರು ಕೇಳಿ ಮಾಡಿಸಿಕೊಳ್ಳಬಹುದು. ಗುಡಿಸಲಿನ ಓಣಿಯಲ್ಲಿ ಕಷ್ಟ, ಯಾಕೆಂದರೆ ಜಾಗವೇ ಮಾಲೀಕನ ಹೆಸರಿನಲ್ಲಿರುವುದಿಲ್ಲ.

ಸ್ವಂತ ಮನೆಯ ಅರ್ಜಿ: ಆವಾಸ್ ಯೋಜನೆಗೆ ಕುಟುಂಬದ ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಅತ್ಯಂತ ಕೆಳಗಿನ ವರ್ಗ. ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರಬಾರದು ಎಂಬ ನಿಯಮಕ್ಕೆ ನಮ್ಮವರು ಹೆದರುತ್ತಾರೆ. "ಊರಾಗ ಅತ್ತಿ ಹೆಸರಿಗಿ ಮನಿ ಐತಿ" ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅತ್ತೆಯ ಮನೆ ಅತ್ತೆಯದ್ದು. ಆದರೆ ಗಂಡನೋ ಹೆಂಡತಿಯೋ ತಮ್ಮ ಹೆಸರಿನಲ್ಲಿ ಕಳೆದ 20 ವರ್ಷದೊಳಗೆ ಊರಿನಲ್ಲಿ ಸರ್ಕಾರದ ಮನೆ ಪಡೆದಿದ್ದರೆ ಇಲ್ಲಿ ಸಿಗುವುದಿಲ್ಲ. ಊರಿನಲ್ಲಿ ಪಂಚಾಯಿತಿ ಮನೆಗೆ ಸಹಿ ಹಾಕುವ ಮೊದಲು ಈ ಮಾತು ಗೊತ್ತಿರಬೇಕು.

ಶಾಲೆ: ಹೋದ ಊರಿನಲ್ಲಿ ವಯಸ್ಸಿನ ಪುರಾವೆ ಇಲ್ಲವೆಂದು, ವರ್ಗಾವಣೆ ಪತ್ರ ತಂದಿಲ್ಲವೆಂದು ಮಗುವನ್ನು ಸೇರಿಸದೆ ಇರುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಇದನ್ನೇ. ಪುಣೆ ಪಾಲಿಕೆಯಲ್ಲಿ ಕನ್ನಡ ಮಾಧ್ಯಮದ ಶಾಲೆಯೂ ಇದೆ.

ಸಂಘಗಳಿಗೊಂದು ಮಾತು

ನಮ್ಮ ಊರುಗಳ ಕನ್ನಡ ಸಂಘಗಳು ಶಾಲೆ ನಡೆಸಿವೆ, ರಾಜ್ಯೋತ್ಸವ ಮಾಡುತ್ತವೆ, ನಾಟಕ ತರಿಸುತ್ತವೆ. ಅದು ದೊಡ್ಡ ಕೆಲಸವೇ. ಆದರೆ ನವೆಂಬರ್ ಒಂದರ ಸಭಾಂಗಣದಲ್ಲಿ ಕುಳಿತವರನ್ನು ನೋಡಿ. ನೌಕರರು, ಹೋಟೆಲಿನವರು, ಎಂಜಿನಿಯರರು. ಬೆಳಗ್ಗೆ ಆ ಸಭಾಂಗಣದ ಮುಂದಿನ ರಸ್ತೆ ಗುಡಿಸಿದ, ಅದರ ಪಕ್ಕದ ಕಟ್ಟಡಕ್ಕೆ ಇಟ್ಟಿಗೆ ಹೊತ್ತ ಕನ್ನಡಿಗರು ಅಲ್ಲಿರುವುದಿಲ್ಲ. ಅವರೂ ಕನ್ನಡವನ್ನೇ ಆಡುತ್ತಾರೆ, ಬಹುಶಃ ನಮ್ಮ ಮಕ್ಕಳಿಗಿಂತ ಚೆನ್ನಾಗಿ. ಸಂಘದ ಕಚೇರಿಯಲ್ಲಿ ತಿಂಗಳಿಗೊಂದು ಭಾನುವಾರ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಅರ್ಜಿ ತುಂಬುವ ಇಬ್ಬರು ಹುಡುಗರು. ಇಷ್ಟು ಸಾಕು ಶುರುಮಾಡಲು. ಬಾಬಾ ಆಢಾವರೂ ಶುರುಮಾಡಿದ್ದು ಚೀಲ ಹೊರುವವರನ್ನು ಹೆಸರು ಹಿಡಿದು ಕರೆಯುವುದರಿಂದಲೇ.

ನಮ್ಮ ಹೆಣ್ಣುಮಗಳಿಗೆ ಫ್ಲಾಟ್ ಸಿಕ್ಕಿಲ್ಲ. ಸಿಗುವ ಹಾಗೂ ಇಲ್ಲ, ಆ ಪಟ್ಟಿಯಲ್ಲಂತೂ. ಖೋಲಿ ಖಾಲಿ ಮಾಡಿ ಅದೇ ಗುಡ್ಡದ ಇನ್ನೊಂದು ಬದಿಗೆ ಹೋಗಿದ್ದಾಳೆ, ಬಾಡಿಗೆ ಸಾವಿರ ರೂಪಾಯಿ ಹೆಚ್ಚು. ಆದರೆ ಈ ವರ್ಷ ಗ್ಯಾಸ್ ಪುಸ್ತಕ ಆಯಿತು, ಗಂಡನ ಕಾರ್ಮಿಕ ಕಾರ್ಡು ಆಯಿತು, ಮಗಳ ಶಾಲೆಯ ದಾಖಲೆ ಪತ್ರ ಬಂತು. ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜೋಳದ ಡಬ್ಬಿಯೊಳಗೆ ಕಾಳಿನ ನಡುವೆ ಹುಗಿದಿಟ್ಟಿದ್ದಾಳಂತೆ.

"ಡಬ್ಬಿಯೊಳಗ ಯಾಕವಾ?" ಎಂದು ಕೇಳಿದೆ.

"ನೀರು ಬಂದ್ರ ಮದಲ ಕೈಗಿ ತಗೊಳ್ಳಾದು ಅದನ್ನ ಅಲ್ರಿ ಅಕ್ಕಾರ" ಅಂದಳು.